ಫೋರ್ ವೀಲ್ ಡ್ರೈವ್‌ಗಳ ಆಫ್‌ರೋಡ್ ಭರವಸೆಯನ್ನು ನಾನು ಅಳೆದ ಬಗೆ

ಇಂದಿನ ಫೋರ್ ವೀಲ್ ಡ್ರೈವ್ ವಾಹನಗಳು ಜಾಹೀರಾತಿನಲ್ಲಿ ಹೇಳಿಕೊಂಡಷ್ಟು ಸಮರ್ಥವೇ ಎಂದು ಆಫ್‌ರೋಡ್ ಚಾಲನೆ ಕಲಿಯಲು ನನ್ನಲ್ಲಿಗೆ ಬರುವ ಬಹುತೇಕರು ಕೇಳುತ್ತಾರೆ. ಜಾಹೀರಾತಿನ ದೃಶ್ಯ ಸಾಮಾನ್ಯವಾಗಿ ಸುಳ್ಳಾಗಿರುವುದಿಲ್ಲ. ಆ ವಾಹನ ಆ ಬಂಡೆಯನ್ನು ನಿಜವಾಗಿಯೂ ಹತ್ತಿರುತ್ತದೆ. ಆದರೆ ಹತ್ತಿದ್ದು ಒಂದು ಸಲ, ಬಹುಮಟ್ಟಿಗೆ ಖಾಲಿ ವಾಹನದಲ್ಲಿ, ನುರಿತ ಚಾಲಕನ ಕೈಯಲ್ಲಿ. ಅದೇ ವಾಹನ ಜನರನ್ನೂ ಸಾಮಾನನ್ನೂ ಹೊತ್ತು, ಅದೇ ಏರನ್ನು ಮತ್ತೆ ಮತ್ತೆ ಹತ್ತಿ, ಏನನ್ನೂ ಮುರಿದುಕೊಳ್ಳದೆ ಹಿಂದಿರುಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಇವೆರಡರ ನಡುವಿನ ಅಂತರವನ್ನು ಅಳೆಯಲು ನಾನು ರೂಢಿಸಿಕೊಂಡ ಕ್ರಮವನ್ನೂ ಅದರಿಂದ ಕಂಡುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಯಾವುದೇ ವಾಹನ ಕೈಗೆ ಬಂದಾಗ ನಾನು ಮೊದಲು ಕೀಲಿ ತಿರುಗಿಸುವುದಿಲ್ಲ, ಅದರೊಂದಿಗೆ ಬರುವ ಮಾಲೀಕರ ಕೈಪಿಡಿಯನ್ನು ಓದುತ್ತೇನೆ. ಕರಪತ್ರದಲ್ಲಿ ಧಾರಾಳವಾಗಿ ಕೊಟ್ಟದ್ದನ್ನು ಕಂಪನಿಯ ವಕೀಲರು ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ ಸದ್ದಿಲ್ಲದೆ ಹಿಂದಕ್ಕೆ ಪಡೆದಿರುತ್ತಾರೆ. ನೀರು ದಾಟುವಾಗ ಮೀರಬಾರದ ವೇಗ, ಡ್ರೈವ್ ವ್ಯವಸ್ಥೆ ಬಿಸಿಯಾದರೆ ಪರದೆಯ ಮೇಲೆ ಮೂಡುವ ಎಚ್ಚರಿಕೆ, ಎಳೆಯುವ ಕೊಕ್ಕೆಯನ್ನು ಯಾವುದಕ್ಕೆ ಬಳಸಕೂಡದು ಎಂಬ ಸೂಚನೆ, ವಾರಂಟಿಗೆ ಹೊರತಾದ ಹಾನಿಗಳು ಇವೆಲ್ಲ ಅಲ್ಲಿ ಸಿಗುತ್ತವೆ. ವಾಹನದ ನಿಜವಾದ ಮಿತಿಯನ್ನು ಅದನ್ನು ಕಟ್ಟಿದ ಎಂಜಿನಿಯರುಗಳೇ ಒಪ್ಪಿಕೊಂಡಿರುವ ಏಕೈಕ ದಾಖಲೆ ಅದು.

ಆಮೇಲೆ ಅಳತೆ ಪಟ್ಟಿ ಹಿಡಿದು ನೆಲಕ್ಕೆ ಕೂರುತ್ತೇನೆ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ವಾಹನದ ಅತಿ ಕೆಳಗಿನ ಭಾಗಕ್ಕೂ ನಡುವಿನ ಅಂತರ, ಎಂದು ಪ್ರಕಟಿಸುವ ಸಂಖ್ಯೆ ಹಲವು ವೇಳೆ ಖಾಲಿ ವಾಹನದ್ದು. ನಾನು ಪ್ರಯಾಣಕ್ಕೆ ಹೊರಟಷ್ಟೇ ಭಾರ ಹೇರಿ ಮತ್ತೊಮ್ಮೆ ಅಳೆಯುತ್ತೇನೆ. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವ ವಾಹನದಲ್ಲಿ ಆ ಸಂಖ್ಯೆ ಕಣ್ಣೆದುರೇ ಕುಗ್ಗುತ್ತದೆ, ಏಕೆಂದರೆ ಭಾರ ಬಿದ್ದಾಗ ಒಡಲೂ ಅದಕ್ಕೆ ಬಿಗಿದ ಡಿಫರೆನ್ಷಿಯಲ್ಲೂ (ಎಂಜಿನ್ನಿನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಒಟ್ಟಿಗೆ ಇಳಿಯುತ್ತವೆ. ಎಡ ಬಲ ಚಕ್ರಗಳನ್ನು ಒಂದೇ ದಂಡದಿಂದ ಜೋಡಿಸಿದ ಗಟ್ಟಿ ಆಕ್ಸಲ್ ಇರುವ ವಾಹನದಲ್ಲಿ ಅತಿ ಕೆಳಗಿನ ಭಾಗ ಡಿಫರೆನ್ಷಿಯಲ್‌ನ ಗುಂಡಾದ ಕವಚವೇ ಆಗಿದ್ದು, ಅದು ಚಕ್ರಗಳೊಂದಿಗೇ ಏಳುತ್ತ ಬೀಳುತ್ತ ಇರುವುದರಿಂದ ಭಾರ ಹೆಚ್ಚಿದರೂ ನೆಲದಿಂದ ಅದರ ಎತ್ತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಈ ಕಾರಣದಿಂದಲೇ ಗ್ರೌಂಡ್ ಕ್ಲಿಯರೆನ್ಸ್ ಒಂದನ್ನೇ ನೋಡಿ ವಾಹನಗಳನ್ನು ಹೋಲಿಸುವುದು ವ್ಯರ್ಥ. 2018ರಲ್ಲಿ ಬಂದ ನಾಲ್ಕನೇ ತಲೆಮಾರಿನ ಮೂರು ಬಾಗಿಲಿನ ಸುಜುಕಿ ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್, ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2250 ಮಿಲಿಮೀಟರ್. ಈ ಎರಡು ಸಂಖ್ಯೆಗಳಿಂದ ದಿಬ್ಬದ ನೆತ್ತಿಯನ್ನು ದಾಟುವ ಕೋನವನ್ನು ಲೆಕ್ಕ ಹಾಕಿದರೆ ಸುಮಾರು 21 ಡಿಗ್ರಿ ಬರುತ್ತದೆ, ಆದರೆ ಕಂಪನಿ ಕೊಡುವ ಸಂಖ್ಯೆ 28. ಇಲ್ಲಿ ಕಂಪನಿ ಉತ್ಪ್ರೇಕ್ಷೆ ಮಾಡಿಲ್ಲ. 210 ಮಿಲಿಮೀಟರ್ ಎತ್ತರದಲ್ಲಿರುವುದು ಆಕ್ಸಲ್ ಬಳಿಯ ಕವಚ. ದಿಬ್ಬದ ನೆತ್ತಿ ಮುಟ್ಟುವ ನಡುಭಾಗ ಅದಕ್ಕಿಂತ ಸಾಕಷ್ಟು ಮೇಲಿದೆ. ಇದಕ್ಕೆ ತದ್ವಿರುದ್ಧವಾಗಿ, 2.6 ಮೀಟರ್ ವೀಲ್‌ಬೇಸ್ ಇದ್ದು ನಡುಭಾಗದಲ್ಲೇ 200 ಮಿಲಿಮೀಟರ್‌ಗೆ ಎಕ್ಸಾಸ್ಟ್ ಕೊಳವೆ ತೂಗುವ ವಾಹನಕ್ಕೆ ಈ ಕೋನ ಹದಿನೇಳೂವರೆ ಡಿಗ್ರಿಯಷ್ಟೇ. ಕರಪತ್ರದಲ್ಲಿ ಎರಡೂ ವಾಹನಗಳು ಅಕ್ಕಪಕ್ಕದ ಸಾಲಿನಲ್ಲಿ ಬಹುತೇಕ ಸಮಾನವಾಗಿ ಕಾಣಿಸುತ್ತವೆ.

ಏರ್ ಸಸ್ಪೆನ್ಷನ್ ಇರುವ, ಅಂದರೆ ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ಒಡಲು ನಿಲ್ಲುವ, ವಾಹನಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2020ರ ಲ್ಯಾಂಡ್ ರೋವರ್ ಡಿಫೆಂಡರ್ 291 ಮಿಲಿಮೀಟರ್ ಕ್ಲಿಯರೆನ್ಸ್, ಬಂಪರ್ ನೆಲಕ್ಕೆ ತಾಗದೆ ಏರಿ ಇಳಿಯಬಲ್ಲ ಕೋನ ಮುಂದೆ 38 ಡಿಗ್ರಿ, ಹಿಂದೆ 40 ಡಿಗ್ರಿ ಎಂದು ಹೇಳಿಕೊಳ್ಳುತ್ತದೆ, ಮತ್ತು ಒಡಲನ್ನು ಆಫ್‌ರೋಡ್ ಎತ್ತರಕ್ಕೆ ಏರಿಸಿದಾಗ ಆ ಸಂಖ್ಯೆಗಳು ನಿಜವೇ. ಆದರೆ ಯಾವುದೇ ವಾಹನದ ಗಾಳಿಚೀಲವನ್ನು ತುಂಬ ಉಬ್ಬಿಸಿದಾಗ ಚಕ್ರ ಕೆಳಕ್ಕಿಳಿಯಲು ಉಳಿಯುವ ಅವಕಾಶ ಕಡಿಮೆಯಾಗುತ್ತದೆ, ಆದ್ದರಿಂದ ಹಳ್ಳ ಸಿಕ್ಕಾಗ ಚಕ್ರ ನೆಲವನ್ನು ಬೇಗ ಬಿಟ್ಟುಕೊಡುತ್ತದೆ. ಎತ್ತರವನ್ನೂ ಚಕ್ರದ ಚಲನೆಯನ್ನೂ ಒಟ್ಟಿಗೆ ಪೂರ್ತಿಯಾಗಿ ಪಡೆಯಲಾಗದು ಎಂಬುದನ್ನು ಯಾವ ಜಾಹೀರಾತೂ ಹೇಳಿದ್ದನ್ನು ನಾನು ಕಂಡಿಲ್ಲ.

ನನ್ನ ಮಟ್ಟಿಗೆ ಅತ್ಯಂತ ಹೆಚ್ಚು ತಿಳಿಸಿಕೊಡುವ ಪರೀಕ್ಷೆ ಬಹಳ ಸರಳವಾದದ್ದು. ಮೆಲುವಾದ ಏರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹಳ್ಳ ತೋಡಿ, ಕರ್ಣರೇಖೆಯಲ್ಲಿರುವ ಎರಡು ಚಕ್ರಗಳು ಗಾಳಿಯಲ್ಲಿ ತೂಗುವಂತೆ ವಾಹನವನ್ನು ನಿಲ್ಲಿಸಿ, ಅಲ್ಲಿಂದ ಹೊರಡಲು ಹೇಳುತ್ತೇನೆ. ಓಟದ ವೇಗದಿಂದ ನುಗ್ಗುವುದಕ್ಕೆ ಇಲ್ಲಿ ಅವಕಾಶವಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮಾನ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು ಟಾರ್ಕ್ ಬೇಕಾಗುವುದೇ ಇಲ್ಲವಾದ್ದರಿಂದ ನೆಲದ ಮೇಲಿರುವ ಚಕ್ರಕ್ಕೂ ಏನೂ ಸಿಗುವುದಿಲ್ಲ. ಈಗಿನ ವಾಹನಗಳು ಇದನ್ನು ಬ್ರೇಕಿನಿಂದ ಪರಿಹರಿಸುತ್ತವೆ. ವ್ಯರ್ಥವಾಗಿ ತಿರುಗುವ ಚಕ್ರವನ್ನು ಎಲೆಕ್ಟ್ರಾನಿಕ್ಸ್ ಬ್ರೇಕ್ ಹಾಕಿ ಹಿಡಿದಾಗ ಅಷ್ಟೇ ಪ್ರಮಾಣದ ಟಾರ್ಕ್ ಇನ್ನೊಂದು ಬದಿಗೂ ಹರಿದು ವಾಹನ ಮುಂದೆ ಸಾಗುತ್ತದೆ.

ಈ ತಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಹಳೆಯ ಕಾಲದ ಚಾಲಕರು ಒಪ್ಪಲು ಹಿಂಜರಿಯುತ್ತಾರೆ. ಎರಡೂ ಬದಿಯ ಚಕ್ರಗಳನ್ನು ಒಂದಾಗಿ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಇಲ್ಲದ ಹಳೆಯ ಫೋರ್ ವೀಲ್ ಡ್ರೈವ್‌ಗಳು ನಿಸ್ಸಹಾಯಕವಾಗಿ ಚಕ್ರ ತಿರುಗಿಸುತ್ತ ನಿಂತ ಹಳ್ಳದಿಂದ, ಮೆತ್ತನೆಯ ಸೀಟಿನ ಕುಟುಂಬದ ಎಸ್‌ಯುವಿಗಳು ಒಂದೆರಡು ಕ್ಷಣ ತಡವರಿಸಿ ಎದ್ದು ಹೋಗುವುದನ್ನು ನಾನು ನೋಡಿದ್ದೇನೆ. ಈ ಅಂಶದಲ್ಲಿ ಜಾಹೀರಾತಿನ ಮಾತು ನಿಜ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಅದೇ ಹಳ್ಳವನ್ನು ಬಿಡುವಿಲ್ಲದೆ ಮತ್ತೆ ಮತ್ತೆ ದಾಟಿಸಿದಾಗ ವಾಹನಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಬ್ರೇಕಿನಿಂದ ಹಿಡಿಯುವಾಗ ಎಂಜಿನ್ನಿನ ಶ್ರಮದ ಒಂದು ಪಾಲು ಬಿಸಿಯಾಗಿ ಕಳೆದುಹೋಗುತ್ತದೆ, ಮತ್ತು ಬ್ರೇಕ್ ಬಿಸಿಯೇರಿದಂತೆ ಎಲೆಕ್ಟ್ರಾನಿಕ್ಸ್ ತನ್ನ ಹಿಡಿತವನ್ನು ಸಡಿಲಿಸುತ್ತದೆ. ಹಿಂದಿನ ಚಕ್ರಗಳಿಗೆ ಎಣ್ಣೆಯಲ್ಲಿ ಮುಳುಗಿದ ಹಲವು ತಟ್ಟೆಗಳ ಕ್ಲಚ್ ಮೂಲಕ ಶಕ್ತಿ ಕಳಿಸುವ ವಾಹನಗಳಿಗೆ ಇದು ಇನ್ನೂ ಕಷ್ಟ. 1998ರ ಸುಮಾರಿಗೆ ಆಡಿ ಟಿಟಿಯಂಥ ಕಾರುಗಳಲ್ಲಿ ಹಾಲ್ಡೆಕ್ಸ್ ಕ್ಲಚ್ ಬಂದಾಗಿನಿಂದ ಈ ಬಗೆ ಬಹಳ ಹರಡಿದೆ; ಮಳೆಯ ರಸ್ತೆಗೂ ಹಿಮಕ್ಕೂ ಇದು ತಕ್ಕ ಉತ್ತರ. ಆಳವಾದ ಮರಳಿನಲ್ಲಿ ಮಾತ್ರ ತಟ್ಟೆಗಳು ಎಡೆಬಿಡದೆ ಜಾರಿ ಬಿಸಿಯೇರಿ, ಕೊನೆಗೆ ವ್ಯವಸ್ಥೆ ತನ್ನನ್ನು ಕಾಪಾಡಿಕೊಳ್ಳಲು ಹಿಂದಿನ ಚಕ್ರಗಳನ್ನು ಬಿಟ್ಟುಬಿಡುತ್ತದೆ. ಆಗ ಚಾಲಕನ ಕೈಯಲ್ಲಿ ಉಳಿಯುವುದು ಮರಳಿನ ನಡುವೆ ನಿಂತ ಭಾರವಾದ ಮುಂಚಕ್ರ ಚಾಲನೆಯ ಕಾರು. ಕಬ್ಬಿಣದ ಹಲ್ಲುಗಳಿಂದ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಡಿಫರೆನ್ಷಿಯಲ್ ಲಾಕ್‌ನಲ್ಲಿ ಈ ಜಾರಿಕೆಯೇ ಇರುವುದಿಲ್ಲ. ಅದು ಬೆಳಗ್ಗೆ ಮಾಡಿದ ಕೆಲಸವನ್ನೇ ಸಂಜೆಯೂ ಮಾಡುತ್ತದೆ.

ವೇಗ ತಗ್ಗಿಸಿ ಬಲ ಹೆಚ್ಚಿಸುವ ಹೆಚ್ಚುವರಿ ಗೇರ್ ಆದ ಲೋ ರೇಂಜ್ ಬೇಡ, ಆಧುನಿಕ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಾಕು ಎಂಬ ಮಾತನ್ನು ನಾನು ಲೆಕ್ಕದಿಂದಲೇ ಪರೀಕ್ಷಿಸುತ್ತೇನೆ. ಮೊದಲ ಗೇರ್, ಲೋ ರೇಂಜ್, ಆಕ್ಸಲ್ ಈ ಮೂರರ ಅನುಪಾತಗಳನ್ನು ಗುಣಿಸಿದರೆ ತೆವಳುವ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತುಗಳ ಸಂಖ್ಯೆ, ಸಿಗುತ್ತದೆ. ಮ್ಯಾನುಯಲ್ ಜಿಮ್ನಿಯಲ್ಲಿ ಇದು ಸುಮಾರು 36. ಲೋ ರೇಂಜ್ ಒಂದರಲ್ಲೇ 4ಕ್ಕೆ 1 ಇರುವ ಮ್ಯಾನುಯಲ್ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 84. ಲೋ ರೇಂಜ್ ಇಲ್ಲದ ವಾಹನವೊಂದರಲ್ಲಿ 16 ಎಂದಿಟ್ಟುಕೊಳ್ಳೋಣ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ತಿರುಗುತ್ತಿದ್ದು, ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ, 36ರ ಅನುಪಾತದ ವಾಹನ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಇಳಿಜಾರಿನಲ್ಲಿ ಹೆಜ್ಜೆ ಇಡುತ್ತದೆ, 16ರದ್ದು ಆರೂವರೆ ಕಿಲೋಮೀಟರಿನಲ್ಲಿ. ಆರೂವರೆ ಎಂದರೆ ಕೇಳಲು ನಿಧಾನವೇ, ಆದರೆ ಬಂಡೆಗಳ ಇಳಿಜಾರಿನಲ್ಲಿ ಪ್ರತಿ ಬಂಡೆಗೂ ಬ್ರೇಕ್ ಒತ್ತಲೇಬೇಕಾದ ವೇಗ ಅದು. 1997ರಲ್ಲಿ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನೊಂದಿಗೆ ಬಂದ, ಇಳಿಜಾರಿನಲ್ಲಿ ತಾನಾಗಿಯೇ ಬ್ರೇಕ್ ಹಾಕಿ ವೇಗವನ್ನು ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್ ಈ ಕೊರತೆಯನ್ನು ಮರೆಮಾಡಲೆಂದೇ ಹುಟ್ಟಿದ್ದು, ಏಕೆಂದರೆ ಆ ವಾಹನಕ್ಕೆ ಲೋ ರೇಂಜ್ ಇರಲಿಲ್ಲ. ಸಣ್ಣ ಇಳಿಜಾರುಗಳಲ್ಲಿ ಅದು ಹೊಸ ಚಾಲಕನ ಕಾಲಿಗಿಂತ ನಿಸ್ಸಂಶಯವಾಗಿ ಉತ್ತಮ. ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಅದೂ ಬ್ರೇಕನ್ನೇ ಬಿಸಿ ಮಾಡುತ್ತದೆ.

ಮರಳು, ಕೆಸರು, ಬಂಡೆ ಎಂದು ಚಿತ್ರ ಬರೆದ, ಚಾಲಕನ ಕೈಗೆ ಸಿಗುವ ಆಯ್ಕೆ ಗುಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2004ರಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿ 3ರಲ್ಲಿ ಟೆರೈನ್ ರೆಸ್ಪಾನ್ಸ್ ಎಂಬ ಹೆಸರಿನಲ್ಲಿ ಇದು ಬಂದ ಬಳಿಕ ಅನೇಕ ಕಂಪನಿಗಳು ಇಂಥದ್ದನ್ನು ಅಳವಡಿಸಿದವು. ಆಕ್ಸಲರೇಟರ್ ಎಷ್ಟು ಚುರುಕಾಗಿರಬೇಕು, ಗೇರ್ ಯಾವಾಗ ಬದಲಾಗಬೇಕು, ಚಕ್ರ ಎಷ್ಟು ಜಾರಬಹುದು ಎಂಬುದನ್ನು ಅದು ನಿರ್ಧರಿಸುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸುವುದಿಲ್ಲ. ಕೆಲವು ವಾಹನಗಳಲ್ಲಿ ಆ ಗುಂಡಿಯ ಹಿಂದೆ ಲಾಕ್‌ಗಳೂ ಲೋ ರೇಂಜೂ ಇರುತ್ತವೆ, ಕೆಲವುಗಳಲ್ಲಿ ಆಕ್ಸಲರೇಟರಿನ ಸ್ವಭಾವ ಬದಲಿಸುವ ತಂತ್ರಾಂಶ ಮಾತ್ರ. ಗುಂಡಿ ಮಾತ್ರ ಎರಡರಲ್ಲೂ ಒಂದೇ ತರಹ ಇರುತ್ತದೆ.

ಟೈರುಗಳ ವಿಷಯಕ್ಕೆ ಬಂದಾಗ ನನ್ನ ಸಹನೆ ಕಡಿಮೆಯಾಗುತ್ತದೆ. ನೆಲವನ್ನು ಮುಟ್ಟುವ ಏಕೈಕ ಭಾಗದಲ್ಲೇ ಕಂಪನಿಗಳು ರಾಜಿ ಮಾಡಿಕೊಳ್ಳುತ್ತವೆ, ಏಕೆಂದರೆ ದೊಡ್ಡ ರಿಮ್ ನೋಡಲು ಚೆಂದ. 265/70 ಆರ್17 ಟೈರಿನ ಬದಿಗೋಡೆಯ ಎತ್ತರ ಸುಮಾರು 185 ಮಿಲಿಮೀಟರ್. ಒಟ್ಟು ಎತ್ತರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುವ 255/55 ಆರ್20 ಟೈರಿನದು 140. ಆಫ್‌ರೋಡ್‌ನಲ್ಲಿ ನಾನು ಮಾಡುವ ಮೊದಲ ಕೆಲಸವೆಂದರೆ ಗಾಳಿ ಇಳಿಸುವುದು. ರಸ್ತೆಯ ಮೂವತ್ತೈದರ ಆಸುಪಾಸಿನಿಂದ ಮರಳಿನಲ್ಲಿ ಹದಿನೆಂಟು ಪಿಎಸ್‌ಐಗೆ ಇಳಿಸಿದಾಗ ಟೈರಿನ ಹೆಜ್ಜೆಗುರುತು ಉದ್ದವಾಗಿ, ಮುಳುಗುತ್ತಿದ್ದ ವಾಹನ ಮರಳಿನ ಮೇಲೆ ಸಾಗುತ್ತದೆ. ಆ ಉದ್ದ ಬರುವುದು ಬದಿಗೋಡೆ ಬಾಗುವುದರಿಂದ. ತೆಳು ಬದಿಗೋಡೆಯ ಟೈರಿನಲ್ಲಿ ಅಷ್ಟು ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ರಬ್ಬರು ಸಿಕ್ಕಿ ಸೀಳುವ ಅಪಾಯವಿದೆ. ಸಾಧಾರಣ ಫೋರ್ ವೀಲ್ ಡ್ರೈವ್ ಒಂದಕ್ಕೆ ಸಣ್ಣ ರಿಮ್ಮನ್ನೂ ಆಲ್ ಟೆರೈನ್ ಟೈರನ್ನೂ ಹಾಕಿ ಗಾಳಿ ಇಳಿಸಿ, ಅದಕ್ಕಿಂತ ಎಷ್ಟೋ ಸಮರ್ಥವೆಂದು ಹೆಸರಾದ, ಇಪ್ಪತ್ತು ಅಂಗುಲದ ರಸ್ತೆ ಟೈರಿನ ವಾಹನದೊಂದಿಗೆ ಒಂದೇ ಮರಳಿನಲ್ಲಿ ಬಿಟ್ಟು ನೋಡಿದ್ದೇನೆ. ಮುಂದೆ ಹೋದದ್ದು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ, ಬಿಡಿ ಚಕ್ರದ ಬದಲು ಅಂಟು ದ್ರಾವಣದ ಬಾಟಲಿ ಕೊಡುವ ವಾಹನವನ್ನು ಯಾವ ಧೈರ್ಯದಿಂದ ಆಫ್‌ರೋಡ್ ವಾಹನವೆಂದು ಮಾರುತ್ತಾರೋ ತಿಳಿಯದು. ಸೀಳಿದ ಬದಿಗೋಡೆಯನ್ನು ಆ ದ್ರಾವಣ ಮುಚ್ಚಲಾರದು.

ನೀರಿನ ಆಳದ ಹೇಳಿಕೆ ಅಕ್ಷರಶಃ ನಿಜ, ಆದರೆ ಅದು ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಡಿಗೆಯ ವೇಗಕ್ಕೆ ಸಂಬಂಧಿಸಿದ್ದು. 900 ಮಿಲಿಮೀಟರ್ ದಾಟಬಲ್ಲೆ ಎಂದು ವಾಹನ ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ರಭಸದಿಂದ ಹರಿಯುವ ಎರಡು ಅಡಿ ನೀರು, ಅಂದರೆ ಸುಮಾರು 600 ಮಿಲಿಮೀಟರ್, ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಎಚ್ಚರಿಸುತ್ತದೆ. ಎರಡೂ ಸರಿ. ಆಳವನ್ನು ಕಾಲಿಳಿಸಿ ನೋಡಲು ಮನಸ್ಸಾಗದ ಹರಿವಿಗೆ ನಾನು ವಾಹನವನ್ನೂ ಇಳಿಸುವುದಿಲ್ಲ. ಆಕ್ಸಲ್‌ಗಳ ಉಸಿರುಗೊಳವೆ ಎಷ್ಟು ಎತ್ತರದಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳುತ್ತೇನೆ, ಏಕೆಂದರೆ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸಿಕ್ಕ ದಾರಿಯಲ್ಲಿ ನೀರನ್ನು ಒಳಗೆಳೆಯುತ್ತದೆ.

ವಿದ್ಯುತ್ ವಾಹನಗಳ ಬಗ್ಗೆ ನನಗಿದ್ದ ಅನುಮಾನವನ್ನು ತೆವಳುವ ವೇಗದಲ್ಲಿ ಅವು ಸಾಕಷ್ಟು ದೂರ ಮಾಡಿವೆ. ಮೋಟರಿಗೆ ನಿಷ್ಕ್ರಿಯ ವೇಗವೆಂಬುದೇ ಇಲ್ಲ, ಟಾರ್ಕ್ ಶೂನ್ಯ ವೇಗದಿಂದಲೇ ಸಿಗುತ್ತದೆ, ಚಕ್ರ ಜಾರಿದ್ದಕ್ಕೆ ಪ್ರತಿಕ್ರಿಯೆಯೂ ಬ್ರೇಕ್ ಆಧಾರಿತ ವ್ಯವಸ್ಥೆಗಿಂತ ಚುರುಕು. ಪ್ರತಿ ಚಕ್ರಕ್ಕೂ ಒಂದೊಂದು ಮೋಟರ್ ಇರುವ ಮರ್ಸಿಡಿಸ್ ಜಿ 580ಯಲ್ಲಿ ಅಷ್ಟಾದರೂ ಲೋ ರೇಂಜ್ ಗೇರನ್ನು ಉಳಿಸಿಕೊಂಡಿರುವುದು ಗಮನಿಸಬೇಕಾದ ಸಂಗತಿ. ಬ್ಯಾಟರಿಯ ಭಾರದ ಸಮಸ್ಯೆ ಮಾತ್ರ ಹಾಗೆಯೇ ಇದೆ. ಮೆತ್ತನೆಯ ನೆಲ ಯಾವ ತಂತ್ರಾಂಶವನ್ನೂ ಲೆಕ್ಕಿಸುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಮತ್ತೊಮ್ಮೆ ವಾಹನದ ಕೆಳಗೆ ಮಲಗಿ ನೋಡುತ್ತೇನೆ. ಎಂಜಿನ್ನಿನ ಅಡಿಯ ರಕ್ಷಾಫಲಕ ಉಕ್ಕಿನದೋ ಗಾಳಿಯ ಹರಿವಿಗಾಗಿ ಹಾಕಿದ ಪ್ಲಾಸ್ಟಿಕ್ಕೋ ಎಂಬುದು ಅಷ್ಟರಲ್ಲಿ ತಾನಾಗಿ ಗೊತ್ತಾಗಿರುತ್ತದೆ. ಹೂತ ವಾಹನವನ್ನು ಎಳೆಯಲು ಬಿಗಿಯುವ ಜಾಗಗಳನ್ನು ಹುಡುಕುತ್ತೇನೆ. ಚಾಸಿಗೆ ನೇರವಾಗಿ ಬೋಲ್ಟ್ ಮಾಡಿದ, ಇದೇ ಕೆಲಸಕ್ಕೆಂದು ಗುರುತಿಸಿದ ಕೊಕ್ಕೆ ಮುಂದೊಂದು ಹಿಂದೊಂದು ಇರಬೇಕು. ಬಂಪರಿನ ರಂಧ್ರಕ್ಕೆ ತಿರುಪಿ ಕೂರಿಸುವ ಕೊಕ್ಕೆ ಕೆಟ್ಟ ಕಾರನ್ನು ರಸ್ತೆಯಲ್ಲಿ ಎಳೆಯಲಿಕ್ಕೆ ಇರುವಂಥದ್ದು. ಹಿಗ್ಗುವ ಪಟ್ಟಿಯನ್ನು ಅದಕ್ಕೋ ಟ್ರೇಲರ್ ಜೋಡಿಸುವ ಲೋಹದ ಉಂಡೆಗೋ ಸಿಕ್ಕಿಸಿ ಜಗ್ಗಿದಾಗ ಲೋಹ ಕಿತ್ತು ಬಂದು ಜನ ಸತ್ತಿರುವ ಪ್ರಕರಣಗಳಿವೆ. ದಾರಿಯಿಲ್ಲದಲ್ಲಿಗೆ ಹೋಗಿ ಎಂದು ಹೇಳುವ ಕಂಪನಿಯೊಂದು ಅಲ್ಲಿಂದ ಎಳೆದು ತರಲು ಗಟ್ಟಿಯಾದ ಕೊಕ್ಕೆಯನ್ನೇ ಕೊಟ್ಟಿಲ್ಲವಾದರೆ, ಅದರ ಉಳಿದ ಸಂಖ್ಯೆಗಳನ್ನು ನಾನು ಹೆಚ್ಚು ಹೊತ್ತು ಪರಿಶೀಲಿಸುವುದಿಲ್ಲ.