ದುರ್ಗದ ಬೋರ್ ನೀರಲ್ಲೂ ಗುಲಾಬಿ: ಪನ್ನೀರು ಬುಡಕ್ಕೆ ನೆಲದಲ್ಲೇ ಕಣ್ಣು ಕಸಿ

ಹೈಬ್ರಿಡ್ ಗುಲಾಬಿ ಚಿತ್ರದುರ್ಗದಲ್ಲಿ ಎರಡನೇ ಬೇಸಿಗೆ ದಾಟಲ್ಲ ಅನ್ನೋದು ಇಲ್ಲಿ ಹಿತ್ತಲಲ್ಲಿ ಹೂ ಬೆಳೆಯುವವರೆಲ್ಲರ ಮಾತು. ನನ್ನ ಹಿತ್ತಲಲ್ಲಿ ಈಗ ಹದಿನೈದಕ್ಕೂ ಹೆಚ್ಚು ಗಿಡ ನೆಲದಲ್ಲಿವೆ. ಹಳೆಯವು ನಾಲ್ಕು ಬೇಸಿಗೆ ಮುಗಿಸಿವೆ, ಕುಡಿದದ್ದು ಬಹುಪಾಲು ಬೋರ್ ನೀರನ್ನೇ. ಗಿಡ ತಂದು ನೆಡುವುದನ್ನು ಬಿಟ್ಟು, ಪನ್ನೀರು ಗುಲಾಬಿಯ ಕಡ್ಡಿಯನ್ನು ಗುಂಡಿಯಲ್ಲೇ ಬೇರೂರಿಸಿ, ಅದರ ಮೇಲೆ ಬೇಕಾದ ಜಾತಿಯ ಕಣ್ಣು (ಎಲೆತೊಟ್ಟಿನ ಬುಡದಲ್ಲಿರುವ ಚಿಗುರುಮೊಗ್ಗು) ಕೂರಿಸಿದ್ದೇ ಇದಕ್ಕೆ ಕಾರಣ. "ನಾಟಿ ಬುಡಕ್ಕೆ ಕಸಿ ಮಾಡಿದರೆ ಹೂ ಸಣ್ಣಗಾಗುತ್ತೆ, ಬುಡದ ಚಿಗುರೇ ಗಿಡವನ್ನು ನುಂಗುತ್ತೆ" ಅಂದವರು ಈಗ ಕಣ್ಣು ಕೇಳಿಕೊಂಡು ಬರುತ್ತಿದ್ದಾರೆ.

ನರ್ಸರಿಯಿಂದ ತರುವ ಕವರಿನ ಗಿಡ ಇಲ್ಲಿ ಸಾಯುವುದು ಬಿಸಿಲಿಗಲ್ಲ. ದಕ್ಷಿಣದ ನರ್ಸರಿಗಳಲ್ಲಿ ಸಿಗುವ ಎಷ್ಟೋ ಗಿಡ ಮಲ್ಟಿಫ್ಲೋರಾ ಅನ್ನೋ ಕಾಡುಗುಲಾಬಿಯ ಬುಡಕ್ಕೆ ಕಸಿ ಮಾಡಿದವು. ಇಲ್ಲಿನ ಬೋರಿನ ಸುಣ್ಣದಂಶದ ನೀರು ಆ ಬುಡಕ್ಕೆ ಒಗ್ಗುವುದಿಲ್ಲ. ಮೊದಲ ಹೂ ಚೆನ್ನಾಗಿ ಬರುತ್ತದೆ. ಆರು ತಿಂಗಳಿಗೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಆಮೇಲೆ ಕಡ್ಡಿ ತುದಿಯಿಂದ ಕಪ್ಪಾಗುತ್ತಾ ಇಳಿಯುತ್ತದೆ. ಗಿಡಕ್ಕೆ ನೂರಿಪ್ಪತ್ತು, ನೂರೈವತ್ತು ಕೊಟ್ಟು ಒಂದು ಡಜನ್ ತಂದರೆ, ಕೋಕೋಪೀಟು, ಔಷಧಿ ಸೇರಿ ಎರಡೂವರೆ ಮೂರು ಸಾವಿರ ಮಣ್ಣುಪಾಲು. ಅದೇ ಊರಿನ ಹಳೇ ಮನೆಗಳ ಹಿತ್ತಲಲ್ಲಿ, ಬಚ್ಚಲ ನೀರು ಕುಡಿದುಕೊಂಡು ಪನ್ನೀರು ಗುಲಾಬಿ ವರ್ಷಗಟ್ಟಲೆ ನಿಂತಿರುತ್ತದೆ. ಅದರ ಕಡ್ಡಿಗೆ ಕಾಸು ಕೊಡಬೇಕಿಲ್ಲ. ಗುಂಡಿ ತೋಡಿದ ಕೂಲಿ, ಗೊಬ್ಬರ ಎಲ್ಲ ಸೇರಿದರೂ ಗಿಡವೊಂದಕ್ಕೆ ನೂರೈವತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ, ಅದೂ ಒಂದೇ ಸಲ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮಸಾರಿ ಮಣ್ಣಿನ ಕೆಳಗೆ ಗರಸು ಸಿಕ್ಕರೆ ಹಾರೆ ಹಾಕಿ ಒಡೆಯಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಏಪ್ರಿಲ್‌ನಲ್ಲಿ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿಯುವ ಮೊದಲು ಮಣ್ಣಿಗೆ ಪೂರ್ತಿ ಕಳಿತ ತಿಪ್ಪೆಗೊಬ್ಬರ ಎಂಟು-ಹತ್ತು ಕೆಜಿ, ಗೆದ್ದಲಿಗೆಂದು ಬೇವಿನ ಹಿಂಡಿ ಕಾಲು ಕೆಜಿ, ಸೂಪರ್ ಫಾಸ್ಫೇಟ್ ಎರಡು ಹಿಡಿ, ಗಂಧಕದ ಪುಡಿ ಒಂದು ಹಿಡಿ ಬೆರೆಸಿ ತುಂಬುತ್ತೇನೆ. ಎಲುಬಿನ ಪುಡಿಗೆ ದುಡ್ಡು ಹಾಕಬೇಡಿ. ಕ್ಷಾರದ ಮಣ್ಣಿನಲ್ಲಿ ಅದರ ರಂಜಕ ಗಿಡಕ್ಕೆ ಸಿಗುವುದಿಲ್ಲ. ಮೊಟ್ಟೆ ಚಿಪ್ಪನ್ನಂತೂ ಹಿತ್ತಲಿಗೆ ಬಿಡಲೇಬಾರದು, ಸುಣ್ಣ ಹೆಚ್ಚಾಗಿ ನರಳುವ ಮಣ್ಣಿಗೆ ಮತ್ತೆ ಸುಣ್ಣವೇಕೆ?

ಜೂನ್ ಕೊನೆಯಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣಿನ ಕಡ್ಡಿ ಕತ್ತರಿಸಿ, ಗುಂಡಿಗೆ ಮೂರರಂತೆ ನೆಡುವುದು. ನೆಡುವ ಮುಂಚೆ ಮಣ್ಣಿನೊಳಗೆ ಹೋಗುವ ಭಾಗದ ಕಣ್ಣುಗಳನ್ನೆಲ್ಲ ಬ್ಲೇಡಿನಿಂದ ಬುಡಸಮೇತ ಕೆತ್ತಿ ತೆಗೆಯಬೇಕು, ಮೇಲೆ ಎರಡು ಸಾಕು. ಬುಡದ ಚಿಗುರಿನ ಕಾಟ ಮುಕ್ಕಾಲು ಪಾಲು ನಿಲ್ಲುವುದು ಇಲ್ಲೇ. ಬೇರು ಬರಲೆಂದು ಕಡ್ಡಿಗೆ ಲೋಳೆಸರದ ಲೋಳೆ, ಜೇನುತುಪ್ಪ, ಹಾರ್ಮೋನ್ ಪುಡಿ ಮೂರನ್ನೂ ಹಚ್ಚಿ ನೋಡಿದ್ದೇನೆ. ಪನ್ನೀರಿಗೆ ಯಾವುದೂ ಬೇಡ, ಒದ್ದೆ ಮಣ್ಣು ಸಾಕು. ಒಂದೂವರೆ ತಿಂಗಳಿಗೆ ಬೇರು ಹಿಡಿದ ಮೇಲೆ ಗಟ್ಟಿಯಾದದ್ದೊಂದನ್ನು ಉಳಿಸಿ ಉಳಿದವನ್ನು ಕೀಳುವುದು.

ಕಸಿಗೆ ಡಿಸೆಂಬರ್ ಕೊನೆಯಿಂದ ಜನವರಿ. ಎರಡು ದಿನ ಮುಂಚೆ ಬುಡಕ್ಕೆ ಧಾರಾಳ ನೀರು ಕೊಟ್ಟರೆ ತೊಗಟೆ ಸಲೀಸಾಗಿ ಬಿಡುತ್ತದೆ. ತೊಗಟೆ ಹರಿದು ಕಿತ್ತುಕೊಂಡು ಬಂದರೆ ಅವತ್ತು ಕಸಿ ಬೇಡ, ಚಾಕು ಎತ್ತಿಡಿ. ನೆಲದಿಂದ ಮೂರು ಬೆರಳು ಮೇಲೆ ಮುಳ್ಳು ಉದುರಿಸಿ, ಒರೆಸಿ, 'ಟಿ' ಆಕಾರದ ಗಾಯ. ಬೇಕಾದ ಜಾತಿಯ ಗಿಡದಲ್ಲಿ ಹೂ ಬಾಡಿದ ಕಡ್ಡಿಯ ನಡುಭಾಗದ, ಉಬ್ಬಿದ ಆದರೆ ಚಿಗುರದ ಕಣ್ಣನ್ನು ಒಂದಿಂಚು ತೊಗಟೆಯೊಂದಿಗೆ, ಎಲೆತೊಟ್ಟು ಉಳಿಸಿ ಎತ್ತಬೇಕು. ಒಳಗಿನ ಕಟ್ಟಿಗೆ ಸಿಪ್ಪೆಯನ್ನು ನಾನು ತೆಗೆಯುತ್ತೇನೆ. ಅದನ್ನು ಕಣ್ಣಿನ ಬೇರು ಕೀಳದಂತೆ ತೆಗೆಯುವ ಕೈಚಳಕ ಬರೆದು ಹೇಳುವಂಥದ್ದಲ್ಲ, ಕಂಡೇ ಕಲಿಯಬೇಕು. ಕಣ್ಣನ್ನು 'ಟಿ' ಗಾಯದ ತೊಗಟೆಯೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕಣ್ಣು ಬಿಟ್ಟು ಬಿಗಿ ಸುತ್ತು. ಬಾಳೆನಾರು ಒಣಗಿ ಸಡಿಲವಾಗುತ್ತದೆ, ಇಲ್ಲಿನ ಗಾಳಿಗೆ ಅದು ನಡೆಯಲ್ಲ.

ಎರಡು ಮೂರು ವಾರಕ್ಕೆ ಎಲೆತೊಟ್ಟನ್ನು ಬೆರಳಿಂದ ಮುಟ್ಟಿ. ತಟ್ಟನೆ ಉದುರಿದರೆ ಕೂತಿದೆ. ಮುರುಟಿ ಅಂಟಿಕೊಂಡಿದ್ದರೆ ಹೋಯಿತು, ಬುಡದ ಇನ್ನೊಂದು ಬದಿಗೆ ಮತ್ತೆ ಕೂರಿಸಿ. ನನಗೆ ಹತ್ತಕ್ಕೆ ಏಳು ಕೂರುತ್ತವೆ, ಮೊದಮೊದಲು ನಾಲ್ಕು ಕೂರುತ್ತಿದ್ದವು. ಕೂತ ಮೇಲೆ ಪನ್ನೀರಿನ ತಲೆಯನ್ನು ಒಮ್ಮೆಲೇ ಹಾರಿಸಬಾರದು. ಕಣ್ಣಿನ ಮೇಲೆ ಕಡ್ಡಿಯನ್ನು ಅರ್ಧ ದಪ್ಪಕ್ಕೆ ಕತ್ತರಿಸಿ ಬಗ್ಗಿಸಿಟ್ಟರೆ ಎಲೆಗಳು ಬೇರನ್ನು ಸಾಕುತ್ತಿರುತ್ತವೆ. ಹೊಸ ಚಿಗುರು ಗೇಣುದ್ದ ಆದಾಗ ಪೂರ್ತಿ ತೆಗೆಯುವುದು.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಬೋರ್ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ, ಅದನ್ನು ಹಾಕಿದ ಗಿಡದ ಎಲೆಯಂಚು ತಿಂಗಳೊಳಗೆ ಸುಟ್ಟಿತು. ಉಪ್ಪು ಹಾಕಿ ಮೆದು ಮಾಡುವ ಸಾಫ್ಟನರ್ ನೀರು ಅದಕ್ಕಿಂತ ಕೆಟ್ಟದ್ದು. ದಿನಾ ಚೂರು ಚೂರು ಹಾಕುವ ಬದಲು ಮೂರು ದಿನಕ್ಕೊಮ್ಮೆ ಎಂಟು-ಹತ್ತು ಲೀಟರ್ ಕೊಟ್ಟರೆ ಉಪ್ಪು ಕೆಳಗಿಳಿಯುತ್ತದೆ. ತಾರಸಿ ಮಳೆನೀರು ಹಿಡಿದ ಡ್ರಮ್ಮನ್ನು ಸಿಂಪಡಣೆಗೆ ಮಾತ್ರ ಮೀಸಲಿಡಿ. ಎಲೆ ಹಳದಿಗೆ ತಿರುಗಿದರೆ ಲೀಟರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಐದರ ಮೇಲೆ ಎಲೆಗೆ ಸಿಂಪಡಿಸಿ. ಅನ್ನಭೇದಿಯನ್ನು ಬರೀ ಮಣ್ಣಿಗೆ ಸುರಿದರೆ ಸುಣ್ಣದ ಜೊತೆ ಸೇರಿ ತುಕ್ಕಾಗುತ್ತದೆ, ಅಷ್ಟೆ.

ಗೊಬ್ಬರಕ್ಕೆ ಚಳ್ಳಕೆರೆ ಗಾಣದ ಶೇಂಗಾ ಹಿಂಡಿಗೆ ಸಮ ಇಲ್ಲ. ಕಾಲು ಕೆಜಿ ಹಿಂಡಿ ಐದು ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಲೀಟರಿನಷ್ಟು. ಒಣಹಿಂಡಿ ಹಾಕಿದರೆ ರಾತ್ರಿಯೇ ಹೆಗ್ಗಣ ಬುಡ ಕೆದರುತ್ತದೆ. ನೆನೆಹಾಕುವಾಗ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದೆ ಎಂದು ನಾಲ್ಕು ಗಿಡಕ್ಕೆ ಹಾಕಿ ನೋಡಿದ್ದೂ ಆಯಿತು. ಕ್ಷಾರ ಏರಿ ನಾಲ್ಕೂ ಹಳದಿಗೆ ತಿರುಗಿದವು. ಪೂರ್ತಿ ಬೂದಿಯಾಗದ, ಕರಿಕಾದ ಹೊಟ್ಟನ್ನು ಕುಂಡದ ಮಣ್ಣು ಹಗುರಾಗಲು ಬೆರೆಸಬಹುದು, ಅದು ಬೇರೆ ಮಾತು.

ಮಾರ್ಚ್‌ನಿಂದ ಎಲೆಯಡಿ ಬಲೆ ಕಟ್ಟುವ ಕೆಂಪು ನುಸಿಗೆ ಬೆಳಿಗ್ಗೆ ಪೈಪಿನಿಂದ ಎಲೆಯ ಕೆಳಗೆ ರಭಸದ ನೀರು ಹೊಡೆಯುವುದೇ ಮದ್ದು. ಆ ಬಿಸಿಲಿನಲ್ಲಿ ಗಂಧಕ ಸಿಂಪಡಿಸಿದರೆ ಎಲೆ ಸುಡುತ್ತದೆ. ಅದನ್ನು ಚಳಿಗಾಲದ ಬೂದಿರೋಗಕ್ಕೆ ಇಟ್ಟುಕೊಳ್ಳಿ, ಲೀಟರಿಗೆ ಎರಡು ಗ್ರಾಂ. ಡಬಲ್ ಡಿಲೈಟ್‌ಗೆ ಬೂದಿರೋಗ ಬೇಗ ಹತ್ತುತ್ತದೆ. ಕ್ವೀನ್ ಎಲಿಜಬೆತ್, ಗ್ಲಾಡಿಯೇಟರ್, ಹೆಸರಘಟ್ಟ ಸಂಸ್ಥೆಯ ಅರ್ಕಾ ಸವಿ ನನ್ನಲ್ಲಿ ಗಟ್ಟಿ ನಿಂತಿವೆ. ಸವರುವುದು ಅಕ್ಟೋಬರ್ ನಡುವಿಗೆ. ಗಾಯಕ್ಕೆ ಬ್ಲೈಟಾಕ್ಸ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಬಳಿದರೆ ತುದಿ ಒಣಗುವುದಿಲ್ಲ, ಒಂದೂವರೆ ತಿಂಗಳಿಗೆ ಗಿಡದ ತುಂಬಾ ಮೊಗ್ಗು.

ಕೊನೆಯ ಗಂಡಾಂತರ ಆಷಾಢದ ಗಾಳಿ. ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಂತ ಊರು ಇದು. ಮೊದಲ ವರ್ಷದ ಕಸಿ ಚಿಗುರು ಎಷ್ಟೇ ದಪ್ಪವಿರಲಿ, ಕಸಿ ಕೂಡಿದ ಸಂದಿನಲ್ಲೇ ಸಿಗಿದು ಬೀಳುತ್ತದೆ. ಮೇ ತಿಂಗಳೊಳಗೆ ಮೂರಡಿ ಬಿದಿರುಗೂಟ ಗಾಳಿ ಬರುವ ಪಡುವಣ ಬದಿಗೆ ನೆಟ್ಟು, ಹಳೇ ಬಟ್ಟೆಪಟ್ಟಿಯಿಂದ ಎಂಟರ ಆಕಾರದಲ್ಲಿ ಎರಡು ಕಡೆ ಕಟ್ಟಿ: ಒಂದು ಸಂದಿಗಿಂತ ನಾಲ್ಕು ಬೆರಳು ಮೇಲೆ, ಇನ್ನೊಂದು ಮೊದಲ ಕವಲಿನ ಕೆಳಗೆ. ಅಕ್ಟೋಬರ್‌ನಲ್ಲಿ ಸವರುವಾಗ ಬಿಚ್ಚಿದರಾಯಿತು, ಅಷ್ಟರಲ್ಲಿ ಸಂದು ಬಲಿತಿರುತ್ತದೆ.