ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ

ಕಾಸರಗೋಡಿನಲ್ಲಿ ಸಿಡಿಲಿನ ಕಾಟಕ್ಕೆ ಎರಡು ಕಾಲ. ಏಪ್ರಿಲ್-ಮೇ ತಿಂಗಳ ಬೇಸಗೆ ಮಳೆ ಒಂದು, ಅಕ್ಟೋಬರ್-ನವೆಂಬರಿನ ತುಲಾ ಮಳೆ ಇನ್ನೊಂದು. ಎರಡರಲ್ಲೂ ಮಧ್ಯಾಹ್ನ ದಾಟಿದ ಮೇಲೆಯೇ ಗುಡುಗು ಜಾಸ್ತಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕರೆಂಟು ತಂತಿ ಬರುವುದೇ ಗುಡ್ಡ, ತೋಟ ಹಾದು. ಸಿಡಿಲು ಮನೆಗೇ ಬೀಳಬೇಕೆಂದಿಲ್ಲ. ದೂರದ ಕಂಬಕ್ಕೆ ಬಡಿದರೂ ಹೊಡೆತ ತಂತಿ ಹಿಡಿದು ಕಂಪ್ಯೂಟರಿನವರೆಗೆ ಬರುತ್ತದೆ.

ಮೋಡ ಕಟ್ಟುತ್ತಿದ್ದಂತೆ ಕೆಲಸ ಸೇವ್ ಮಾಡಿ, ಕಂಪ್ಯೂಟರ್ ಶಟ್‌ಡೌನ್ ಮಾಡಿ. ಆಮೇಲೆ ಗೋಡೆಯಿಂದ ಪ್ಲಗ್ ಕೀಳಿ. ಸ್ವಿಚ್ಚಿನೊಳಗಿನ ಸಂದು ಕೆಲವೇ ಮಿಲಿಮೀಟರ್, ಸಿಡಿಲಿಗೆ ಅದು ಲೆಕ್ಕವೇ ಅಲ್ಲ. ಯುಪಿಎಸ್ ಇದೆಯಲ್ವಾ ಎಂದು ಸುಮ್ಮನಿರಬೇಡಿ, ಅದರ ಪ್ಲಗ್ಗನ್ನೂ ಕೀಳಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದಿಡಿ.

ಹೆಚ್ಚಿನವರು ಮರೆಯುವುದು ಇಂಟರ್ನೆಟ್ ತಂತಿಯನ್ನು. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕೇಬಲ್ಲಿಗೆ ಆಧಾರವಾಗಿ ಉಕ್ಕಿನ ತಂತಿ ಇರಬಹುದು. ಮೋಡೆಮ್ಮಿನ ಅಡಾಪ್ಟರ್ ಕರೆಂಟಿನ ಪ್ಲಗ್ಗಿನಲ್ಲೇ ಇರುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ತಂತಿಯಂತೂ ತಾಮ್ರದ್ದು. ಹಾಗಾಗಿ ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರೂ ಮದರ್‌ಬೋರ್ಡ್ ಸುಡಬಹುದು. ಅಡಾಪ್ಟರ್, ಲ್ಯಾನ್ ಎರಡನ್ನೂ ಕೀಳಿ, ಪ್ರಿಂಟರಿನ ಪ್ಲಗ್ಗನ್ನೂ ಬಿಡಬೇಡಿ. ಕಿತ್ತ ತಂತಿಯ ತುದಿ ಸಾಕೆಟ್ಟಿಗೆ ತಾಗಿಕೊಂಡಿರದಂತೆ ದೂರ ಸರಿಸಿ.

ಗುಡುಗು ತಲೆಯ ಮೇಲೆಯೇ ಬಂದುಬಿಟ್ಟಿದ್ದರೆ ಮಾತ್ರ ಯಾವ ತಂತಿಯನ್ನೂ ಮುಟ್ಟಬೇಡಿ. ಮಿಂಚಿ 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಒಂದೇ ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಕಂಪ್ಯೂಟರ್ ಹೋದರೆ ಹೋಗಲಿ.

ಮನೆಯಲ್ಲಿ ಯಾರೂ ಇಲ್ಲದಾಗ ಏನು ಗತಿ? ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ, ಅಂದರೆ ತಂತಿಯಲ್ಲಿ ಒಮ್ಮೆಲೇ ನುಗ್ಗಿ ಬರುವ ಹೊಡೆತವನ್ನು (ಸರ್ಜ್) ತಡೆಯುವ ಸಾಧನ ಹಾಕಿಸಿ. ಕರೆಂಟು ಹೆಚ್ಚಾದರೆ ತಾನಾಗಿ ಬಿದ್ದು ಆಫ್ ಆಗುವ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ, ಅದು ಬೀಳುವ ಮೊದಲೇ ಸಿಡಿಲಿನ ಹೊಡೆತ ದಾಟಿ ಹೋಗಿರುತ್ತದೆ. ಹೆಚ್ಚಿನ ಎಸ್‌ಪಿಡಿಗಳಲ್ಲಿ ಒಂದು ಸಣ್ಣ ಕಿಟಕಿ ಇರುತ್ತದೆ. ಹಸಿರಿದ್ದರೆ ಸರಿ, ಕೆಂಪಾದರೆ ಬದಲಿಸಬೇಕು. ಆದರೆ ಅರ್ತಿಂಗ್ ಸರಿಯಿಲ್ಲದಿದ್ದರೆ ಎಸ್‌ಪಿಡಿ ಹಾಕಿಯೂ ದಂಡ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಮಾರ್ಚಿನಿಂದಲೇ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ. ವರ್ಷಕ್ಕೊಮ್ಮೆ ಎಲೆಕ್ಟ್ರಿಶಿಯನ್ ಕರೆಸಿ ಅರ್ತಿಂಗಿನ ರೋಧ (ರೆಸಿಸ್ಟೆನ್ಸ್) ಅಳೆಸಿ, 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು.

ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಪ್ಲಗ್ ಹಾಕಬೇಡಿ. ಕರೆಂಟು ಹೋಗಿ ಬಂದಿದ್ದರೆ ಮೊದಲು ಒಂದು ಬಲ್ಬು ಹಾಕಿ ನೋಡಿ. ಬೆಳಕು ಏರಿಳಿಯುತ್ತಿದ್ದರೆ ಇನ್ನೂ ಸ್ವಲ್ಪ ಕಾಯಿರಿ.