ತೊಲೆ ಗೋಡೆಯ ಮೇಲೆ ಚಿತ್ರ ನಿಲ್ಲಿಸಿದ್ದು: ದೆಸೆಷ್ತಿ ಚರ್ಚಿನ ಮಾದರಿ

ತೊಲೆ ಮೇಲೆ ತೊಲೆ ಪೇರಿಸಿದ ಗೋಡೆಗೆ ಚಿತ್ರ ಬರೆದರೆ ಮೊದಲ ಮಳೆಗಾಲಕ್ಕೇ ಸಂದುಗುಂಟ ಸೀಳುತ್ತೆ, ಪ್ಲೈವುಡ್ಡಿಗೆ ಗೆರೆ ಕೊರೆದು ಮುಗಿಸು ಅಂತ ಮಾದರಿ ಮಾಡುವವರೆಲ್ಲ ಹೇಳಿದರು. ರೊಮೇನಿಯಾದ ಮರಾಮುರೆಷ್ ಸೀಮೆಯ ದೆಸೆಷ್ತಿ ಚರ್ಚನ್ನು 1:20ರಲ್ಲಿ ನಿಜವಾದ ತೊಲೆಗಳಿಂದಲೇ ಕಟ್ಟಿದೆ. ಮಳೆಗಾಲಗಳು ಕಳೆದರೂ ಚಿತ್ರದಲ್ಲಿ ಕೂದಲೆಳೆಯ ಬಿರುಕಿಲ್ಲ.

ಮೂಲ ಕಟ್ಟಡ 1770ರದು, ಒಳಚಿತ್ರ 1780ರಲ್ಲಿ ರಾದು ಮುಂತ್ಯಾನು ಬರೆದದ್ದು. ಆ ಸೀಮೆಯ ಚಿತ್ರಗಾರರು ಸಂದಿನ ಮೇಲೆ ಬಟ್ಟೆಪಟ್ಟಿ ಅಂಟಿಸಿ, ಬಿಳಿ ಬಳಿದು, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಿದ್ದರು. ಗುಟ್ಟೆಲ್ಲ ಅಲ್ಲೇ ಇದೆ.

ಮರ ಕಾಫಿ ತೋಟದ ಸಿಲ್ವರ್ ಓಕ್, ಚೆನ್ನಾಗಿ ಒಣಗಿದ್ದು. ತೊಲೆ ಸುಮಾರು 15 ಮಿ.ಮೀ. ಎತ್ತರ, 7 ದಪ್ಪ. ಗೋಡೆಗೆ ಹದಿಮೂರು ಹದಿನಾಲ್ಕು ಸಾಲು. ಮೂಲೆಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಕೊರೆತ, ನಡುವೆ ಬಿದಿರು ಕಡ್ಡಿಯ ಗೂಟ. ತೊಲೆಗಳ ನಡುವೆ ಫೆವಿಕಾಲ್ ಹಾಕಿದ ಗೋಡೆ ಸಂದಿನಲ್ಲಿ ಬಿಡಲಿಲ್ಲ, ತೊಲೆಯ ಹೊಟ್ಟೆಯಲ್ಲೇ ಸೀಳಿತು. ಮರ ಅಡ್ಡಕ್ಕೆ ಹಿಗ್ಗಲೇಬೇಕು, 20 ಸೆಂ.ಮೀ. ಗೋಡೆ ಮಳೆಗಾಲಕ್ಕೆ ಎರಡು ಮೂರು ಮಿ.ಮೀ. ಏಳುತ್ತೆ. ಅಂಟು ಹಾಕದೆ ಅದನ್ನು ಎಲ್ಲ ಸಂದುಗಳಿಗೂ ಹಂಚಿಬಿಟ್ಟರೆ ಒಂದೊಂದಕ್ಕೆ ಬರೋದು ಕಾಲು ಮಿ.ಮೀ. ಕೂಡ ಇಲ್ಲ. ಅಷ್ಟನ್ನು ಬಟ್ಟೆ ತಡೆಯುತ್ತೆ.

ಆದರೆ ಬಾಗಿಲ ನಿಲುವು ಉದ್ದಕ್ಕೆ ಕುಗ್ಗೋದಿಲ್ಲ. ಅದನ್ನು ಬಿಗಿಯಾಗಿ ಕೂರಿಸಿದರೆ ಬೇಸಿಗೆಯಲ್ಲಿ ಮೇಲಿನ ತೊಲೆಗಳು ಅದರ ಮೇಲೆ ನೇತಾಡಿ, ಪಕ್ಕದ ಸಂದುಗಳು ಬಾಯಿ ಬಿಡುತ್ತವೆ. ನಿಲುವಿನ ತಲೆ ಮೇಲೆ 3 ಮಿ.ಮೀ. ಖಾಲಿ ಬಿಟ್ಟು ಹಲಗೆಯಲ್ಲಿ ಮರೆಮಾಡಿ. ಗರ್ಭಗುಡಿಯನ್ನು ಮರೆಮಾಡುವ ಚಿತ್ರಪರದೆಗೂ ಮೊಳೆ ಬೇಡ, ಕೊರೆದ ತೋಡಿನಲ್ಲಿ ಜಾರುವಂತಿರಲಿ. ನಾವೋಸಿನ, ಅಂದರೆ ಭಕ್ತರು ನಿಲ್ಲುವ ನಡುಕೋಣೆಯ, ಕಮಾನು ಚಾವಣಿಯ 2 ಮಿ.ಮೀ. ಹಲಗೆಗಳನ್ನು ಕಮಾನುಪಟ್ಟಿಗೆ ಮಾತ್ರ ಕಟ್ಟಿ, ತುದಿಗಳನ್ನು ಗೋಡೆಗೆ ತಾಗಿಸಬೇಡಿ.

ಇಡೀ ಗೋಡೆಗೆ ಮಲ್ ಬಟ್ಟೆ ಹೊದಿಸಿದ್ದು ಗುಳ್ಳೆ ಎದ್ದು ಹಾಳಾಯಿತು. ಪಟ್ಟಿಯೇ ಸರಿ: ಹಳೆ ಪಂಚೆ, 8ರಿಂದ 10 ಮಿ.ಮೀ. ಅಗಲ, ಕತ್ತರಿಸಿದ ಅಂಚಲ್ಲ, ಎಳೆ ಬಿಡಿಸಿದ ಅಂಚು. ಇಲ್ಲವಾದರೆ ಬಣ್ಣದಡಿ ಗೆರೆ ಕಾಣುತ್ತೆ. ಸರೇಸು (ಚರ್ಮ, ಮೂಳೆ ಕುದಿಸಿ ಮಾಡುವ ಅಂಟು) ಒಂದಕ್ಕೆ ನೀರು ಹತ್ತು, ಬಿಸಿಯಾಗಿರುವಾಗಲೇ ಅಂಟಿಸಿ. ಅದೇ ಸರೇಸಿಗೆ ಸೀಮೆಸುಣ್ಣ ಕಲಸಿ ಎರಡು ತೆಳು ಲೇಪ. ದಪ್ಪ ಲೇಪ ಕೊಟ್ಟರೆ ಅದು ಖಂಡಿತ ಒಡೆಯುತ್ತೆ. ಸರೇಸು ಬಾಗಲು ನಾನು ಇನ್ನೊಂದು ಬೆರೆಸುತ್ತೇನೆ, ಅದು ಸದ್ಯ ನನ್ನ ಹತ್ರಾನೇ ಇರಲಿ. ಬಣ್ಣ ಮೊಟ್ಟೆಯ ಹಳದಿಯಲ್ಲಿ. ಬೂಸ್ಟು ಹಿಡಿಯದಂತೆ ಲವಂಗದೆಣ್ಣೆ ಒಂದು ಹನಿ.

ಮರಕ್ಕೆ ನಾಲ್ಕು ಸಾವಿರದಷ್ಟು ಆಯಿತು. ದುಡ್ಡು ತಿಂದದ್ದು ಎರಡು ಹಂತದ ಸೂರಿನ ಮರದ ಹೆಂಚು: ಕೂಲಿಯೇ ಇಪ್ಪತ್ತು ಸಾವಿರ ದಾಟಿತು. ಅಗ್ಗಕ್ಕೆ ಅಡಕೆ ದಬ್ಬೆ ಸೀಳಿ ನೋಡಿದೆ. ನಾರು ಅಂಚಲ್ಲಿ ಎದ್ದು ನಿಲ್ಲುತ್ತೆ, ಈ ಅಳತೆಗೆ ಒರಟು. ಬಿದಿರಿನ ಹೊಟ್ಟೆಭಾಗ ಒಳ್ಳೆಯದು, ಗಂಟು ಬಿಟ್ಟು ಸೀಳಬೇಕು. ಯಾವುದೇ ಆದರೂ ಸಾಲಿನ ಮೇಲೆ ಸಾಲು ಮೂರು ಪದರ ಬರಲಿ. ಎರಡೇ ಬಂದರೆ ಬಿಸಿಲಿಗೆ ಸುರುಳಿ ಸುತ್ತಿ ಅಡಿಯ ಪಟ್ಟಿ ಕಾಣುತ್ತೆ.